ಮೈಲುತುತ್ತದ ಹರಳು

ಕಳಸ, ಮೂಡಿಗೆರೆಯ ಅಡಿಕೆ ಬೆಳೆಗಾರರ ಮನೆಗಳಲ್ಲಿ ಮೈಲುತುತ್ತವಿಲ್ಲದ ಮಳೆಗಾಲವುಂಟೆ? ಕೊಳೆರೋಗಕ್ಕೆ ಸುಣ್ಣದೊಡನೆ ಬೆರೆಸಿ ಬೋರ್ಡೋ ದ್ರಾವಣ ಮಾಡುತ್ತಾರೆ. ಅದನ್ನೇ ಬಿಸಿನೀರಿನಲ್ಲಿ ಗಾಢವಾಗಿ ಕರಗಿಸಿ ನಿಧಾನವಾಗಿ ತಣಿಸಿದರೆ ದೊಡ್ಡ ನೀಲಿ ಹರಳುಗಳು; ಅವಸರಪಟ್ಟರೆ ಬರೀ ಪುಡಿಹರಳು.

ಅಮೈನೋ ಆಮ್ಲಗಳ ಕಿರುಸರಪಳಿಗಳಾದ ಪೆಪ್ಟೈಡುಗಳನ್ನು ಶಾಯಿಯಂತೆ ಅತಿಸೂಕ್ಷ್ಮವಾಗಿ ಮುದ್ರಿಸುವವರ ತೊಡಕೂ ಇದೇ. ಪುಟ್ಟ ಹನಿ ಕ್ಷಣದಲ್ಲಿ ಆರುತ್ತದೆ, ಹರಳುಗಳು ದಿಕ್ಕುಗೆಟ್ಟು ಬೆಳೆಯುತ್ತವೆ. ಒತ್ತಿದರೆ ವಿದ್ಯುತ್ತು ಹುಟ್ಟಿಸುವ ಪೆಪ್ಟೈಡ್ ಹರಳುಗಳಿವೆ. ಆದರೆ ಅವು ಒಂದೇ ದಿಕ್ಕಿಗೆ ಸಾಲುಗೂಡಿದರೆ ತಾನೆ ಪ್ರಯೋಜನ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಪಿ. ಬಲರಾಂ ಅವರು ದಶಕಗಳ ಕಾಲ ಪೆಪ್ಟೈಡುಗಳ ರಚನೆಯನ್ನು ಶೋಧಿಸಿದರು. ಆ ಹಾದಿಗೆ ಮಲೆನಾಡಿನ ಮಕ್ಕಳೂ ಬರಬೇಡವೆ? ಪ್ರಯೋಗದ ಬೀರುವಿಗೆ ಬೀಗ ಜಡಿದು ಸ್ಫಟಿಕೀಕರಣದ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿಸುವುದು ಅನ್ಯಾಯವೆಂದೇ ನನ್ನ ಮತ. ಶಿಕ್ಷಕರಾಗಿರುವ ನನ್ನ ಶಿಷ್ಯರೇ, ಈ ಮಳೆಗಾಲದಲ್ಲಿ ಎರಡು ಬೀಕರು ಹೊರತೆಗೆಯಿರಿ. ಮೈಲುತುತ್ತ ವಿಷ, ಕೈಗವಸು ಮರೆಯದಿರಿ.