ಸೆಕೆಗೆ ಕುದಿಯುವ ಸೂಪು

ಚೆನ್ನೈನ ಸೆಕೆಯಲ್ಲಿ ಕುದಿಯುವ ಕೋಳಿ ಸೂಪು ಕುಡಿಯುವುದೇ? ಸೆಕೆಗೆ ಅದೇ ಮದ್ದು ಅನ್ನುತ್ತಾರೆ ಕೊರಿಯನ್ನರು. ಅವರ ನಾಡಿನಲ್ಲಿ ಜುಲೈ-ಆಗಸ್ಟ್‌ನ ಕಡುಬೇಸಿಗೆಯ ಮೂರು 'ಬೊಕ್' ದಿನಗಳಂದು ಸಮ್‌ಗ್ಯೆತಾಂಗ್‌ಗಾಗಿ ಹೋಟೆಲುಗಳ ಮುಂದೆ ಜನ ಸಾಲುಗಟ್ಟುತ್ತಾರೆ. ಎಳೆ ಕೋಳಿಯ ಹೊಟ್ಟೆಗೆ ಅಂಟಕ್ಕಿ, ಜಿನ್ಸೆಂಗ್ ಬೇರು, ಬೆಳ್ಳುಳ್ಳಿ, ಒಣ ಎಲಚಿಹಣ್ಣು ತುಂಬಿ ಬೇಯಿಸಿ, ಮಣ್ಣಿನ ಬಟ್ಟಲಲ್ಲಿ ಕುದಿಯುತ್ತಿರುವಾಗಲೇ ತಂದಿಡುತ್ತಾರೆ. ಖಾರವಿಲ್ಲ, ಉಪ್ಪು ನಾವೇ ಹಾಕಿಕೊಳ್ಳಬೇಕು. ಕೋಳಿಸಾರಿನ ನಾಲಿಗೆಗೆ ಮೊದಲ ಗುಟುಕು ಸಪ್ಪೆ. ಒಳಗಿನ ಅನ್ನ ಸಾರಿಗೆ ಬೆರೆತಂತೆ ರುಚಿ ಹತ್ತುತ್ತದೆ.

1998ರಲ್ಲಿ ಶ್ರೀಪೆರುಂಬುದೂರಿನಲ್ಲಿ ಹ್ಯುಂಡೈ ಕಾರು ತಯಾರಿಕೆ ಶುರುವಾಯಿತು. ದುಡಿಯಲು ಬಂದ ಕೊರಿಯನ್ನರ ಜೊತೆ ಅವರ ಅಡುಗೆಯೂ ಚೆನ್ನೈಗೆ ಬಂತು. ಇಂದು ಆ ಹೋಟೆಲುಗಳಲ್ಲಿ ತಮಿಳು, ತೆಲುಗು ಗೆಳೆಯರೊಡನೆ ನಾವೂ ಕೂರುತ್ತೇವೆ. ಅವರ ಹಬ್ಬ, ಹವಾಮಾನ, ನಂಬಿಕೆ ಎಲ್ಲವೂ ಒಂದು ಬಟ್ಟಲಲ್ಲೇ ಪರಿಚಯವಾಗುತ್ತವೆ.

ನಾವೂ ಹೊರನಾಡಿನಲ್ಲಿ ದುಡಿಯುವವರೇ. ಆದರೆ ನಮ್ಮ ಸಂಘದ ಊಟಕ್ಕೆ ಕನ್ನಡ ಬಾರದವರನ್ನು ಕರೆಯುವುದು ಅಪರೂಪ. ಈ ಸಲದ ರಾಜ್ಯೋತ್ಸವಕ್ಕೆ ಪ್ರತಿಯೊಬ್ಬರೂ ಅಂಥ ಒಬ್ಬ ಸಹೋದ್ಯೋಗಿಯನ್ನು ಕರೆತನ್ನಿ. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗುವುದನ್ನು ಪಕ್ಕದಲ್ಲೇ ಕೂತು ಕಲಿಸಿ. ಮೊದಲ ತುತ್ತು ಅವರಿಗೂ ಸಪ್ಪೆ ಅನ್ನಿಸೀತು. ಎರಡನೆಯದಕ್ಕೆ ಒತ್ತಾಯ ಮಾಡಿ.