ಒಂದೇ ಕ್ಯಾಬಿನ್, ನಾಲ್ಕು ಬಗೆಯ ಕಾಗದ

ಏಪ್ರಿಲ್ ಕಳೆಯುತ್ತಿದ್ದಂತೆ ಬೆಂಗಳೂರಿನ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ನಿವೃತ್ತರಾದ ತಂದೆ ತಾಯಿ ಮಗನ ಮನೆಗೋ, ಮಗಳ ಬಾಣಂತನಕ್ಕೋ ಅಮೆರಿಕದ ವಿಮಾನ ಹತ್ತುತ್ತಾರೆ. ಅಷ್ಟು ದೂರ ಬಂದವರನ್ನು ಮನೆಯಲ್ಲೇ ಕೂರಿಸಬಾರದೆಂದು ಮಕ್ಕಳು ರಜೆ ಹಾಕಿ ಸುತ್ತಾಡಿಸುತ್ತಾರೆ. ಸಿಯಾಟಲ್ ಸುತ್ತಮುತ್ತ ಇರುವವರ ಪಟ್ಟಿಯಲ್ಲಿ ಅಲಾಸ್ಕಾ ಕ್ರೂಸ್ ಇದ್ದೇ ಇರುತ್ತದೆ. ಸಿಯಾಟಲ್ ಅಮೆರಿಕದ್ದು, ಅಲಾಸ್ಕಾವೂ ಅಮೆರಿಕದ್ದು, ಅಪ್ಪ ಅಮ್ಮನ ಪಾಸ್‌ಪೋರ್ಟಿನಲ್ಲಿ ಹತ್ತು ವರ್ಷದ ಅಮೆರಿಕ ವೀಸಾ ಇದೆ. ಇನ್ನೇನು ಬೇಕು ಎಂದು ದುಡ್ಡು ಕಟ್ಟಿಬಿಡುತ್ತಾರೆ. ಬೇಕಾಗಿರುವುದು ಕೆನಡಾ ವೀಸಾ.

ಇದರ ಮೂಲ ಅಮೆರಿಕದ 1886ರ ಒಂದು ಕಾಯ್ದೆಯಲ್ಲಿದೆ. ಬೇರೆ ದೇಶದ ಧ್ವಜ ಹೊತ್ತ ಹಡಗು ಅಮೆರಿಕದ ಬಂದರಿನಿಂದ ಅಮೆರಿಕದ್ದೇ ಬಂದರುಗಳಿಗೆ ಮಾತ್ರ ಪ್ರಯಾಣಿಕರನ್ನು ಒಯ್ಯುವಂತಿಲ್ಲ. ನಡುವೆ ಒಂದು ವಿದೇಶಿ ಬಂದರನ್ನು ಮುಟ್ಟಿ ಬರಬೇಕು. ದೊಡ್ಡ ಕ್ರೂಸ್ ಹಡಗುಗಳ ಮೇಲೆ ಹಾರುವುದು ಬಹುಪಾಲು ಬಹಾಮಾಸ್, ಪನಾಮಾ, ಮಾಲ್ಟಾ ಮುಂತಾದ ದೇಶಗಳ ಧ್ವಜ. ಹಾಗಾಗಿ ಸಿಯಾಟಲ್‌ನಿಂದ ಹೊರಟ ಹಡಗು ಕೆನಡಾದ ವಿಕ್ಟೋರಿಯಾದಂಥ ಬಂದರಿನಲ್ಲಿ ಕೆಲವು ಗಂಟೆ ನಿಂತು ಹೊರಡುತ್ತದೆ. ಆ ಕೆಲವು ಗಂಟೆಗಾಗಿ ಭಾರತದ ಪಾಸ್‌ಪೋರ್ಟ್ ಇರುವವರು ಬೆರಳಚ್ಚು ಕೊಟ್ಟು, ಬ್ಯಾಂಕ್ ಲೆಕ್ಕ ತೋರಿಸಿ, ಪಾಸ್‌ಪೋರ್ಟ್ ಕಳಿಸಿ ವಾರಗಟ್ಟಲೆ ಕಾಯಬೇಕು. ದಡಕ್ಕೆ ಇಳಿಯುವುದೇ ಇಲ್ಲ, ಕ್ಯಾಬಿನ್ನಿನಲ್ಲೇ ಇರುತ್ತೇವೆ ಎಂದರೂ ಹಡಗಿನ ಕಂಪನಿಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. 2021ರಲ್ಲಿ ಕೋವಿಡ್‌ನಿಂದಾಗಿ ಕೆನಡಾ ತನ್ನ ಬಂದರುಗಳನ್ನು ಕ್ರೂಸ್ ಹಡಗುಗಳಿಗೆ ಮುಚ್ಚಿದಾಗ ಅಮೆರಿಕದ ಸಂಸತ್ತು ತಾತ್ಕಾಲಿಕ ಕಾನೂನು ಮಾಡಿ, ಕೆನಡಾ ಮುಟ್ಟದೆಯೇ ಹಡಗುಗಳು ಅಲಾಸ್ಕಾಕ್ಕೆ ಹೋಗಿ ಬರಲು ಬಿಟ್ಟಿತು. ವ್ಯಾಪಾರಕ್ಕೆ ತೊಡಕಾದಾಗ ನೂರಮೂವತ್ತೈದು ವರ್ಷ ಹಳೆಯ ನಿಯಮವೂ ಸಡಿಲವಾಯಿತು ಎಂಬುದನ್ನು ನೆನಪಿನಲ್ಲಿಡಬೇಕು.

ಈಗ ಅದೇ ಕುಟುಂಬದ ಪಾಸ್‌ಪೋರ್ಟುಗಳನ್ನು ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿ. ಅಪ್ಪ ಅಮ್ಮನದು ನೀಲಿ ಪಾಸ್‌ಪೋರ್ಟ್. ಕೆನಡಾ ವೀಸಾ ಕಡ್ಡಾಯ. ಮಗಳದೂ ಅದೇ ನೀಲಿ ಪಾಸ್‌ಪೋರ್ಟ್, ಆದರೆ ಗ್ರೀನ್ ಕಾರ್ಡ್ ಸಿಕ್ಕಿದೆ. ಪಾಸ್‌ಪೋರ್ಟ್ ಜೊತೆ ಆ ಕಾರ್ಡ್ ತೋರಿಸಿದರೆ ಕೆನಡಾ ವೀಸಾ ಕೇಳುವುದಿಲ್ಲ. ಎಚ್-1ಬಿ ಉದ್ಯೋಗ ವೀಸಾದಲ್ಲಿರುವ ಮಗನಿಗೆ ಆ ರಿಯಾಯಿತಿ ಇಲ್ಲ. ಅಲ್ಲೇ ಹುಟ್ಟಿದ ಮೊಮ್ಮಗು ಅಮೆರಿಕದ ಪ್ರಜೆ. ಹೊರಟ ಬಂದರಿಗೇ ಮರಳುವ ಪ್ರಯಾಣವಾದರೆ ಅಮೆರಿಕ ಆ ಮಗುವಿನಿಂದ ಪಾಸ್‌ಪೋರ್ಟನ್ನೂ ಕೇಳದೆ ಜನನ ಪ್ರಮಾಣಪತ್ರದ ಮೇಲೆ ಒಳಗೆ ಬಿಟ್ಟುಕೊಳ್ಳುತ್ತದೆ. ಒಂದೇ ಬುಕಿಂಗ್ ಸಂಖ್ಯೆ, ಊಟಕ್ಕೆ ಒಂದೇ ಮೇಜು. ಕಾನೂನಿನ ಮುಂದೆ ಮಾತ್ರ ಅಜ್ಜಿ ಒಂದು ಕಡೆ, ಮೊಮ್ಮಗು ಇನ್ನೊಂದು ಕಡೆ. ವಯಸ್ಸಾದವರ ಮೇಲೆಯೇ ಅತಿ ಹೆಚ್ಚು ಕಾಗದದ ಭಾರ ಬೀಳುತ್ತಿದೆ.

ಮಗನ ಪಾಡನ್ನೂ ನೋಡಬೇಕು. ಎಚ್-1ಬಿ ಅವಧಿ ವಿಸ್ತರಣೆಯಾಗಿರುತ್ತದೆ, ಕೆಲಸ ನಡೆಯುತ್ತಿರುತ್ತದೆ, ಪಾಸ್‌ಪೋರ್ಟಿನಲ್ಲಿನ ಸ್ಟ್ಯಾಂಪಿಂಗ್ ಮಾತ್ರ ಮುಗಿದಿರುತ್ತದೆ. ಅಮೆರಿಕದ ನೆಲದ ಮೇಲಿರುವವರೆಗೆ ತೊಂದರೆಯಿಲ್ಲ. ಹಡಗು ಹೊರದೇಶ ಮುಟ್ಟಿದರೆ ಮರಳುವಾಗ ವೀಸಾ ಬೇಕು. ಕೆನಡಾ ಅಥವಾ ಮೆಕ್ಸಿಕೊಗೆ 30 ದಿನದೊಳಗೆ ಹೋಗಿ ಬರುವವರಿಗೆ ಅವಧಿ ಮೀರಿದ ವೀಸಾ ತಾನಾಗಿ ಊರ್ಜಿತವಾಗುವ ಒಂದು ನಿಯಮ ಅಮೆರಿಕದಲ್ಲಿದೆ. ಕೆರಿಬಿಯನ್ ದ್ವೀಪಗಳಿಗೆ ಈ ಸೌಲಭ್ಯ ಇರುವುದು ವಿದ್ಯಾರ್ಥಿ ಮತ್ತು ವಿನಿಮಯ ವೀಸಾದವರಿಗೆ ಮಾತ್ರ. ಅಂದರೆ ಓದುತ್ತಿರುವ ತಮ್ಮ ಬಹಾಮಾಸ್ ಸುತ್ತಿ ಮಯಾಮಿಗೆ ಮರಳಬಹುದು. ಅದೇ ಹಡಗಿನಲ್ಲಿದ್ದ ಎಂಜಿನಿಯರ್ ಅಣ್ಣ ಮರಳಲಾಗದೆ ಸಿಕ್ಕಿಹಾಕಿಕೊಳ್ಳಬಹುದು.

ಇಂಥವರನ್ನು ತಡೆಯುವವರು ಯಾರು? ವಲಸೆ ಅಧಿಕಾರಿ ಇರಬೇಕು ಎಂಬುದು ನಮ್ಮ ಊಹೆ. ನಿಜದಲ್ಲಿ ಅವರನ್ನು ಕಾಣುವ ಮೊದಲೇ, ಬಂದರಿನ ಚೆಕ್-ಇನ್ ಕೌಂಟರಿನಲ್ಲಿ ಕುಳಿತ ಕಂಪನಿಯ ನೌಕರರೇ ತಡೆದು ನಿಲ್ಲಿಸುತ್ತಾರೆ. ಸರಿಯಾದ ದಾಖಲೆ ಇಲ್ಲದವರನ್ನು ಕರೆತಂದರೆ ದಂಡ ಬೀಳುವುದು ಹಡಗಿಗೆ. ನಮ್ಮ ದೇಶದಲ್ಲೂ ಹಾಗೆಯೇ. 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿರುವ ವಲಸೆ ಮತ್ತು ವಿದೇಶಿಯರ ಕಾಯ್ದೆಯಲ್ಲಿ ವಾಹಕ ಸಂಸ್ಥೆಗೆ ₹2 ಲಕ್ಷದಿಂದ ₹5 ಲಕ್ಷದವರೆಗೆ ದಂಡ ವಿಧಿಸಲು ಅವಕಾಶವಿದೆ. ದಂಡದ ಭಯದಲ್ಲಿರುವ ನೌಕರ ಅನುಮಾನ ಬಂದ ಕಡೆಯಲ್ಲೆಲ್ಲ ‘ಇಲ್ಲ’ ಎನ್ನುತ್ತಾನೆ. ಅಪರೂಪದ ನಿಯಮವನ್ನು ಬಿಡಿಸಿ ಹೇಳಲು ಅಲ್ಲಿ ಸಮಯವಿರುವುದಿಲ್ಲ, ಕೇಳುವ ವ್ಯವಧಾನವೂ ಇರುವುದಿಲ್ಲ. ಹಡಗು ಹೊರಟುಹೋಗುತ್ತದೆ, ದುಡ್ಡು ವಾಪಸು ಬರುವುದಿಲ್ಲ. ದಾಖಲೆಗಳ ಹೊಣೆ ಪ್ರಯಾಣಿಕರದ್ದೇ ಎಂದು ಬುಕಿಂಗ್ ಷರತ್ತಿನಲ್ಲಿ ಬರೆದಿರುತ್ತದೆ, ಅದಕ್ಕೆ ನಾವು ಟಿಕ್ ಹಾಕಿರುತ್ತೇವೆ.

ಅಮೆರಿಕದವರೆಗೆ ಹೋಗಬೇಕಾಗಿಯೂ ಇಲ್ಲ. ಕೆಂಗೇರಿ ಉಪನಗರದ ಟ್ರಾವೆಲ್ ಏಜೆಂಟರಿಗೂ ಸಿಂಗಪುರ ಕ್ರೂಸ್ ಗೊತ್ತು. ಸಿಂಗಪುರದಲ್ಲಿ ಹತ್ತಿ ಪೆನಾಂಗ್, ಫುಕೆಟ್ ನೋಡಿ ಮತ್ತೆ ಸಿಂಗಪುರಕ್ಕೆ. ಮಲೇಷ್ಯಾ 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ ವೀಸಾ ವಿನಾಯಿತಿ ಕೊಟ್ಟಿತು. ಥಾಯ್ಲೆಂಡ್ ಅದಕ್ಕೂ ತುಸು ಮೊದಲೇ ಕೊಟ್ಟಿತ್ತು. ಇವೆರಡೂ ಸಲೀಸಾದ ಮೇಲೆ ಸಿಂಗಪುರದ ವೀಸಾದಲ್ಲಿ ಎಷ್ಟು ಪ್ರವೇಶಕ್ಕೆ ಅನುಮತಿಯಿದೆ ಎಂದು ನೋಡಲು ಜನ ಮರೆಯುತ್ತಾರೆ. ವಿಮಾನದಿಂದ ಇಳಿದದ್ದು ಒಂದು ಪ್ರವೇಶ, ಹಡಗಿನಿಂದ ಇಳಿಯುವುದು ಇನ್ನೊಂದು. ಯುರೋಪಿನ ಷೆಂಗೆನ್ ವೀಸಾ ಚೀಟಿಯಲ್ಲೂ ಅಷ್ಟೆ, ‘01’ ಎಂದಿದ್ದರೆ ಒಂದೇ ಸಲ. ರೋಮ್ ಬಳಿ ಹಡಗು ಹತ್ತಿ, ಗ್ರೀಸ್ ದಾಟಿ ಟರ್ಕಿಯ ಬಂದರಿಗೆ ಹೋದವರು ಆ ಚೀಟಿಯ ಮೇಲೆ ಯುರೋಪಿಗೆ ಮರಳುವಂತಿಲ್ಲ. ಬುಕಿಂಗ್‌ಗೆ ಮೊದಲು ಯಾರಾದರೂ ಈ ಎರಡು ಅಂಕಿಗಳ ಮೇಲೆ ಬೆರಳಿಟ್ಟು ತೋರಿಸಿದ್ದರೆ ಸಾಕಿತ್ತು.

ಇನ್ನು ಹೆಸರಿನ ವಿಷಯ. ಹಳೆ ಮೈಸೂರು ಕಡೆಯವರಿಗೆ ಇದರಷ್ಟು ಕಾಟ ಕೊಡುವುದು ಬೇರೊಂದಿಲ್ಲ. ನಮ್ಮಲ್ಲಿ ಅನೇಕರಿಗೆ ಮನೆತನದ ಹೆಸರಿಲ್ಲ. ಊರಿನ ಮೊದಲಕ್ಷರ, ತಂದೆಯ ಹೆಸರಿನ ಮೊದಲಕ್ಷರ, ಆಮೇಲೆ ತಮ್ಮ ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಅದು ಹೆಸರಿನ ಹಿಂದೆಯೋ ಮುಂದೆಯೋ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಇನ್ನೊಂದು ರೀತಿ. ಎಪ್ಪತ್ತು ದಾಟಿದ ಎಷ್ಟೋ ತಾಯಂದಿರ ಪಾಸ್‌ಪೋರ್ಟ್ ತೆರೆದರೆ ಸರ್‌ನೇಮ್ ಎಂಬ ಸಾಲಿನ ಕೆಳಗೆ ಖಾಲಿ ಜಾಗ, ಅದರ ಕೆಳಗೆ ಒಂದೇ ಒಂದು ಹೆಸರು. ಅಮೆರಿಕ ವೀಸಾ ಬರುವಾಗ ಆ ಒಂದೇ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಗಿವನ್ ನೇಮ್ ಜಾಗದಲ್ಲಿ ‘ಎಫ್‌ಎನ್‌ಯು’ ಎಂಬ ಮೂರಕ್ಷರ ಕೂರುತ್ತದೆ; ಮೊದಲ ಹೆಸರು ಗೊತ್ತಿಲ್ಲ ಎಂಬುದರ ಸಂಕ್ಷೇಪ ಅದು. ಹಡಗಿನ ಬುಕಿಂಗ್ ಪುಟ ಎರಡೂ ಖಾನೆ ತುಂಬದೆ ಮುಂದೆ ಹೋಗುವುದಿಲ್ಲ. ಮಗಳು ಒಂದರಲ್ಲಿ ಅಮ್ಮನ ಹೆಸರು, ಇನ್ನೊಂದರಲ್ಲಿ ಅಪ್ಪನ ಹೆಸರು ತುಂಬುತ್ತಾಳೆ. ಪಾಸ್‌ಪೋರ್ಟಿನಲ್ಲಿ ಒಂದು ಹೆಸರು, ವೀಸಾದಲ್ಲಿ ಇನ್ನೊಂದು, ಟಿಕೆಟ್‌ನಲ್ಲಿ ಮಗದೊಂದು ಎಂದಾದರೆ ಕೌಂಟರಿನಲ್ಲಿ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಇದು ಒಂದಿಬ್ಬರ ಕಷ್ಟವೂ ಅಲ್ಲ. 2022ರ ನವೆಂಬರ್ 21ರಿಂದ ಯುಎಇ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಸಂದರ್ಶಕ ವೀಸಾದ ಮೇಲೆ ಪ್ರವೇಶ ನಿರಾಕರಿಸತೊಡಗಿತು. ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಆಗಬಹುದು ಎಂಬ ಸ್ಪಷ್ಟನೆ ಬಂದದ್ದು ಆಮೇಲೆ. ಚಳಿಗಾಲದಲ್ಲಿ ಕೊಲ್ಲಿಯ ಕ್ರೂಸ್‌ಗಳು ಹೊರಡುವುದು ದುಬೈ, ಅಬುಧಾಬಿಯಿಂದಲೇ. ನಮ್ಮ ಹೆಸರಿಡುವ ಪದ್ಧತಿಯಲ್ಲಿ ತಪ್ಪಿಲ್ಲ. ತಮಿಳುನಾಡಿನಲ್ಲೂ ಇಂಥದೇ ರೂಢಿ ಇದೆ. ಇಷ್ಟು ಕೋಟಿ ಜನರ ಹೆಸರು ಹೀಗಿರುವಾಗ, ಪಾಸ್‌ಪೋರ್ಟ್ ಕಚೇರಿ ಅರ್ಜಿ ತೆಗೆದುಕೊಳ್ಳುವಾಗಲೇ ಸರ್‌ನೇಮ್ ಖಾಲಿ ಬಿಟ್ಟರೆ ಮುಂದೆ ಏನು ತೊಂದರೆ ಎಂದು ಕನ್ನಡದಲ್ಲಿ ಒಂದು ಸಾಲು ಹೇಳಬೇಕು. ಈಗ ಆ ತಿಳಿವಳಿಕೆ ಬರುವುದು ಬಂದರಿನಲ್ಲಿ. ಆಮೇಲೆ ಮತ್ತೆ ₹1,500 ಕಟ್ಟಿ, ಸರದಿ ಹಿಡಿದು ಪಾಸ್‌ಪೋರ್ಟ್ ಮರುವಿತರಣೆಗೆ ಓಡಾಡಬೇಕು.

ಎಲ್ಲ ಅನುಮತಿ ಪತ್ರಗಳೂ ಅನ್ಯಾಯವೆಂದು ನಾನು ಹೇಳುತ್ತಿಲ್ಲ. ಲಕ್ಷದ್ವೀಪವನ್ನೇ ನೋಡಿ. ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು 1956ರ ನವೆಂಬರ್ 1ರವರೆಗೆ ಅಂದಿನ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು, ಆಡಳಿತ ಮಂಗಳೂರಿನಿಂದ ನಡೆಯುತ್ತಿತ್ತು. ಇಂದು ಅದೇ ದ್ವೀಪಗಳಿಗೆ ಮಂಗಳೂರಿನವರೂ 1967ರ ನಿಯಮಗಳ ಪ್ರಕಾರ ಪರವಾನಗಿ ಪಡೆದೇ ಹೋಗಬೇಕು. ಅಲ್ಲಿನ ಮೂಲನಿವಾಸಿಗಳು ಪರಿಶಿಷ್ಟ ಪಂಗಡದವರು. ನೆಲ ಚಿಕ್ಕದು, ಕುಡಿಯುವ ನೀರು ಕಡಿಮೆ. ಈ ಕಟ್ಟಳೆ ಅವರ ರಕ್ಷಣೆಗೆ ಇದೆ, ಇರಬೇಕು. ಆದರೆ ರಜೆಗೆ ಬಂದ ಮೊಮ್ಮಕ್ಕಳನ್ನು ಮುಂಬೈಯಿಂದ ಲಕ್ಷದ್ವೀಪದ ಕ್ರೂಸ್‌ಗೆ ಕರೆದೊಯ್ಯುವ ಅಜ್ಜ, ಮಕ್ಕಳ ಕೈಯಲ್ಲಿ ಒಸಿಐ ಕಾರ್ಡ್ ಇದೆಯಲ್ಲ ಎಂದು ನಿಶ್ಚಿಂತೆಯಿಂದಿರುತ್ತಾರೆ. ಒಸಿಐ ಎಂದರೆ ಭಾರತಕ್ಕೆ ಆಜೀವ ವೀಸಾ ಇದ್ದಂತೆ, ಪೌರತ್ವವಲ್ಲ. ನಿರ್ಬಂಧಿತ ಪ್ರದೇಶಗಳಿಗೆ ಹೋಗಲು ಒಸಿಐ ಇರುವವರಿಗೂ ವಿಶೇಷ ಪರವಾನಗಿ ಬೇಕೆಂದು ಕೇಂದ್ರ ಗೃಹ ಸಚಿವಾಲಯ 2021ರ ಮಾರ್ಚ್ 4ರ ಅಧಿಸೂಚನೆಯಲ್ಲಿ ಸ್ಪಷ್ಟಪಡಿಸಿದೆ. ಭಾರತದೊಳಗಿನ ಪ್ರವಾಸ ಎಂದು ಜಾಹೀರಾತಿನಲ್ಲಿದ್ದ ಮಾತ್ರಕ್ಕೆ ಎಲ್ಲರಿಗೂ ಒಂದೇ ಕಾಗದ ಸಾಲುವುದಿಲ್ಲ.

ಕೇಂದ್ರ ಸರ್ಕಾರ 2024ರ ಸೆಪ್ಟೆಂಬರ್ 30ರಂದು ‘ಕ್ರೂಸ್ ಭಾರತ್’ ಯೋಜನೆಗೆ ಚಾಲನೆ ಕೊಟ್ಟಿತು. 2029ರೊಳಗೆ ಕ್ರೂಸ್ ಪ್ರಯಾಣಿಕರ ಸಂಖ್ಯೆಯನ್ನು ಇಮ್ಮಡಿ ಮಾಡುವ ಗುರಿ. ಮುಂಬೈಯಲ್ಲಿ ದೊಡ್ಡ ಟರ್ಮಿನಲ್ ಎದ್ದಿದೆ. ಇವೆಲ್ಲ ಬೇಕು. ಆದರೆ ಕಟ್ಟಡಕ್ಕೆ ಕೊಟ್ಟ ಗಮನದ ಒಂದಂಶವನ್ನಾದರೂ ಕಾಗದಪತ್ರಕ್ಕೆ ಕೊಡಬೇಕು ಎಂಬುದು ನನ್ನ ಒತ್ತಾಯ. ಮೊದಲ ಕೆಲಸ ಇಲ್ಲೇ, ಈಗಲೇ ಆಗುವಂಥದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸೇವಾ ನ್ಯೂನತೆಯ ವ್ಯಾಖ್ಯಾನದಲ್ಲಿಯೇ, ಸಂಬಂಧಪಟ್ಟ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ತಡೆಹಿಡಿಯುವುದನ್ನು ಸೇರಿಸಿದೆ. ಬುಕಿಂಗ್ ಮಾಡುವಾಗ ಪ್ರತಿ ಪ್ರಯಾಣಿಕರ ರಾಷ್ಟ್ರೀಯತೆಯನ್ನು ಕಂಪನಿ ಕೇಳಿಯೇ ಕೇಳುತ್ತದೆ. ಹಡಗು ಯಾವ ಬಂದರು ಮುಟ್ಟುತ್ತದೆ ಎಂಬುದೂ ಅದಕ್ಕೆ ಗೊತ್ತು. ಎರಡನ್ನೂ ಬಲ್ಲ ಮಾರಾಟಗಾರ, ವಾಪಸು ಬಾರದ ಮುಂಗಡ ಪಡೆಯುವ ಮೊದಲು, ಯಾರಿಗೆ ಯಾವ ಬಂದರಿಗೆ ಯಾವ ವೀಸಾ, ಎಷ್ಟು ಪ್ರವೇಶ ಎಂದು ಬರೆದು ಕೊಡಬೇಕು. ಬೆಂಗಳೂರಿನಲ್ಲಿ ಮಾರುವವರು ಕನ್ನಡದಲ್ಲಿ ಕೊಡಬೇಕು. ಹೊಣೆ ನಿಮ್ಮದು ಎಂಬ ಷರತ್ತನ್ನು ಜಿಲ್ಲಾ ಗ್ರಾಹಕ ಆಯೋಗಗಳೂ ಈ ಬೆಳಕಿನಲ್ಲಿ ಪರಿಶೀಲಿಸಬೇಕು.

ಎರಡನೆಯದು ರಾಜತಾಂತ್ರಿಕ ಕೆಲಸ. ಹಡಗಿನಿಂದ ಹಗಲಿಗೆ ಇಳಿದು ಮತ್ತೆ ಹಡಗಿಗೇ ಮರಳುವವರನ್ನು ಬೇರೆ ಪ್ರವಾಸಿಗರಂತೆ ನೋಡಬೇಕಿಲ್ಲ ಎಂದು ಹಲವು ದೇಶಗಳು ಒಪ್ಪಿವೆ. ಜಪಾನ್ 2015ರಿಂದ ನಿಗದಿತ ಕ್ರೂಸ್ ಹಡಗುಗಳ ಪ್ರಯಾಣಿಕರಿಗೆ ವೀಸಾ ಇಲ್ಲದೆ ಇಳಿಯುವ ಅನುಮತಿ ಕೊಡುತ್ತಿದೆ. ಚೀನಾ 2024ರ ಮೇ 15ರಿಂದ ಕರಾವಳಿಯ 13 ಬಂದರುಗಳಲ್ಲಿ ಕ್ರೂಸ್ ಗುಂಪುಗಳಿಗೆ 15 ದಿನದ ವೀಸಾ ವಿನಾಯಿತಿ ಕೊಟ್ಟಿತು. ರಷ್ಯಾದಲ್ಲಿ ಹಡಗಿನಲ್ಲಿ ಬಂದವರು ಮಾರ್ಗದರ್ಶಿ ಜೊತೆಗಿದ್ದರೆ 72 ಗಂಟೆ ಇರಬಹುದು. ಸಮುದ್ರದ ಕಡೆಯಿಂದ ಬರುವ ಅಪಾಯವನ್ನು 2008ರ ನವೆಂಬರ್‌ನಲ್ಲಿ ಮುಂಬೈ ಅನುಭವಿಸಿದೆ. ಭದ್ರತೆಯ ಆತಂಕವನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ಕ್ರೂಸ್ ಹಡಗಿನ ಪ್ರಯಾಣಿಕರ ಪಟ್ಟಿ ಮೊದಲೇ ಅಧಿಕಾರಿಗಳ ಕೈ ಸೇರಿರುತ್ತದೆ, ಪ್ರತಿಯೊಬ್ಬರ ಇಳಿಯುವಿಕೆ, ಮರಳುವಿಕೆ ಗ್ಯಾಂಗ್‌ವೇ ಬಳಿ ಫೋಟೊ ಸಮೇತ ದಾಖಲಾಗುತ್ತದೆ, ಹೊಣೆಗೆ ಹಡಗಿನ ಕಂಪನಿ ಇದೆ.

ಇಂಥ ರಿಯಾಯಿತಿ ಕೇಳುವ ಮಾತುಕತೆಗೆ ಕರ್ನಾಟಕದ ಬಳಿ ಒಂದು ಬಲವಿದೆ. ಪಣಂಬೂರಿನ ನವಮಂಗಳೂರು ಬಂದರು ಇ-ವೀಸಾದ ಮೇಲೆ ವಿದೇಶಿಯರು ಇಳಿಯಬಹುದಾದ ದೇಶದ ಕೆಲವೇ ಬಂದರುಗಳಲ್ಲಿ ಒಂದು. ಮಳೆಗಾಲ ಮುಗಿದ ಮೇಲೆ ಅಲ್ಲಿಗೆ ಬರುವ ಹಡಗುಗಳಿಂದ ನೂರಾರು ಜನ ಬೆಳಿಗ್ಗೆ ಇಳಿದು, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ, ಕುದ್ರೋಳಿ ದೇವಸ್ಥಾನ ನೋಡಿ ಸಂಜೆಯೊಳಗೆ ಹಡಗಿಗೆ ಮರಳುತ್ತಾರೆ. ಆ ಒಂದು ಹಗಲಿಗೆ ಅವರೂ ಭಾರತದ ವೀಸಾ ಪಡೆಯಬೇಕು, ಶುಲ್ಕ ಕಟ್ಟಬೇಕು. ಅವರಿಗೆ ಒಂದು ದಿನದ ಇಳಿಯುವ ಚೀಟಿ ಕೊಡುತ್ತೇವೆ, ನಮ್ಮವರಿಗೆ ನಿಮ್ಮ ಬಂದರಿನಲ್ಲಿ ಅದೇ ಕೊಡಿ ಎಂದು ಆಯಾ ದೇಶಗಳನ್ನು ಕೇಳಲು ಇದಕ್ಕಿಂತ ಗಟ್ಟಿ ಆಧಾರ ಬೇಕಿಲ್ಲ. ರಾಜ್ಯದ ಪ್ರವಾಸೋದ್ಯಮ ಇಲಾಖೆ ಮತ್ತು ಕರಾವಳಿಯ ಸಂಸದರು ಈ ಪ್ರಸ್ತಾವವನ್ನು ವಿದೇಶಾಂಗ ಹಾಗೂ ಬಂದರು ಸಚಿವಾಲಯಗಳ ಮುಂದಿಡಬೇಕು. ಪಶ್ಚಿಮ ಬೆಂಗಳೂರಿನ ಜನಪ್ರತಿನಿಧಿಗಳು ಅದಕ್ಕೆ ದನಿಗೂಡಿಸಬೇಕು. ಮುಂದಿನ ಬೇಸಿಗೆಯಲ್ಲಿ ಆ ಹಡಗು ಹತ್ತಲು ಹೊರಡುವವರು ಅವರ ಮತದಾರರೇ.