ಅಂಗಳದಾಚೆ ಕೆರೆ, ಈಜು ಕಲಿಯಲು ಪೇಟೆ!

ಏಪ್ರಿಲ್ ಬಂತೆಂದರೆ ನಮ್ಮ ಬಸ್‌ಸ್ಟ್ಯಾಂಡಿನ ಗೋಡೆ ತುಂಬ ಬೇಸಿಗೆ ಶಿಬಿರದ ಚೀಟಿಗಳು. ಚಿತ್ರಕಲೆ, ಅಬಾಕಸ್, ನೃತ್ಯ, ಕೀಬೋರ್ಡ್, ಕರಾಟೆ. ಎಲ್ಲವೂ ಪೇಟೆಯಲ್ಲಿ. ನಮ್ಮಲ್ಲಿಂದ 18 ಕಿಲೋಮೀಟರ್.

ಮಕ್ಕಳು ಕಲಿಯುವುದಕ್ಕೆ ನನ್ನ ಆಕ್ಷೇಪ ಖಂಡಿತ ಇಲ್ಲ. ಆದರೆ ಒಂದು ಲೆಕ್ಕ ಹಾಕಿ ನೋಡಿ. ಎರಡು ಗಂಟೆಯ ಕ್ಲಾಸಿಗೆ ಹೋಗಿ ಬರಲು ಎರಡು ಗಂಟೆ. ಜತೆಗೊಬ್ಬರು ದೊಡ್ಡವರು ಬೇಕು. ಸ್ಪ್ರಿಂಕ್ಲರ್ ಬದಲಿಸುವ ಹೊತ್ತಿಗೆ ಅವರು ಪೇಟೆಯಲ್ಲಿ ಬಾಕಿ. ಕೊನೆಗೆ ಹೋಗುವುದು ಯಾರು? ಕಾರು ಇದ್ದವರ ಮಕ್ಕಳು ಮಾತ್ರ. ತೋಟದ ಕೆಲಸಕ್ಕೆ ಬರುವವರ ಮಕ್ಕಳಿಗೆ ಆ ಚೀಟಿ ಓದುವ ಭಾಗ್ಯ ಅಷ್ಟೇ.

ನಾನು ಈ ವಿಚಾರಕ್ಕೆ ತಲೆ ಹಾಕಿದ್ದು ಬೇರೆ ಕಾರಣಕ್ಕೆ. 2016ರಲ್ಲಿ ಗುಡ್ಡೆಯ ಬದಿಯಲ್ಲಿ ಪ್ಲಾಸ್ಟಿಕ್ ಹಾಸಿದ ಕೆರೆ ಮಾಡಿಸಿದೆ. 12 ಅಡಿ ಆಳ. ಬೇಸಿಗೆಯ ನೀರಿನ ಚಿಂತೆ ಕಳೆಯಿತು ಎಂದು ಖುಷಿಯಲ್ಲಿದ್ದೆ. 2019ರ ಏಪ್ರಿಲಿನಲ್ಲಿ ತಮ್ಮನ ಮಗ, 9 ವರ್ಷದ ಹುಡುಗ, ಚೆಂಡು ತೆಗೆಯಲು ಹೋಗಿ ಜಾರಿದ. ಪಕ್ಕದಲ್ಲೇ ಅಡಿಕೆ ಹೆಕ್ಕುತ್ತಿದ್ದವರೊಬ್ಬರು ದೋಟಿ ಚಾಚಿದ್ದರಿಂದ ಮಗು ಉಳಿಯಿತು. ಅವರು ಆ ದಿನ ರಜೆ ಹಾಕಿದ್ದರೆ? ಈಗಲೂ ಕೆಲವು ರಾತ್ರಿ ಎಚ್ಚರ ಆಗ್ತದೆ.

ಬೇಲಿ ಹಾಕಿಸಲಿಲ್ಲವಾ ಅಂತ ನೀವು ಕೇಳಬಹುದು. ಹಾಕಿಸಿರಲಿಲ್ಲ. ತಪ್ಪು ನನ್ನದೇ. ಕೆರೆಗೆ ಲಕ್ಷಗಟ್ಟಲೆ ಸುರಿದವನಿಗೆ ಬೇಲಿ ಮುಂದಿನ ವರ್ಷದ ಖರ್ಚಾಗಿ ಕಂಡಿತ್ತು. ಮರುವಾರವೇ ಹಾಕಿಸಿದೆ. ಆದರೆ ಆ ಹುಡುಗನಿಗೆ ಈಜು ಬರುವುದಿಲ್ಲ, ಅವನ ಅಪ್ಪನಿಗೂ ಬರುವುದಿಲ್ಲ ಎಂಬುದು ನನಗೆ ಗೊತ್ತಾದದ್ದೇ ಆ ದಿನ.

ನಮ್ಮ ಪ್ರಾಯದವರು ಈಜು ಕಲಿತದ್ದು ಹೇಗೆ? ಯಾರೂ ಕ್ಲಾಸು ಮಾಡಲಿಲ್ಲ. ಹಳೆ ಕೆರೆಗೆ ಮೆಟ್ಟಿಲು ಇತ್ತು. ಅಣ್ಣಂದಿರು ಇದ್ದರು. ಬಾಳೆದಂಡು ಇತ್ತು. ಈಗ ಮನೆಗೆ ಒಂದೋ ಎರಡೋ ಮಕ್ಕಳು, ಕಲಿಸುವ ಅಣ್ಣಂದಿರು ಬೆಂಗಳೂರಿನಲ್ಲಿ. ಕೆರೆಗಳು ಮಾತ್ರ ಹೆಚ್ಚಾಗಿವೆ. 2014ರಲ್ಲಿ ಕೃಷಿಭಾಗ್ಯ ಯೋಜನೆ ಬಂದ ಮೇಲೆ ಬಯಲುಸೀಮೆಯಲ್ಲೂ ಹೊಲಕ್ಕೊಂದು ಕೃಷಿಹೊಂಡ ಕಾಣುತ್ತದೆ. ಈ ಪ್ಲಾಸ್ಟಿಕ್ ಕೆರೆ ಹಳೆಯ ಕೆರೆಯ ಹಾಗಲ್ಲ. ಬದಿ ಕಡಿದಾಗಿರ್ತದೆ, ಪಾಚಿ ಹಿಡಿದರೆ ಸಾಬೂನಿನ ಹಾಗೆ ಜಾರ್ತದೆ. ಈಜು ಬಂದವರೂ ಮೇಲೆ ಹತ್ತಲಾರರು. ನಮ್ಮ ದೇಶದಲ್ಲಿ ವರ್ಷಕ್ಕೆ 30 ಸಾವಿರಕ್ಕೂ ಹೆಚ್ಚು ಜನ ನೀರಿನಲ್ಲಿ ಮುಳುಗಿ ಸಾಯುತ್ತಾರೆ ಎಂದು ಸರಕಾರದ ದಾಖಲೆಯೇ ಹೇಳುತ್ತದೆ.

ಪುತ್ತೂರಿನ ಪರ್ಲಡ್ಕದಲ್ಲಿ, ಶಿವರಾಮ ಕಾರಂತರ ಬಾಲವನದಲ್ಲಿ, ಒಳ್ಳೆಯ ಈಜುಕೊಳ ಉಂಟು. ಹತ್ತಿರದವರಿಗೆ ಅನುಕೂಲ. ದೂರದ ಹಳ್ಳಿಯವರು ಏನು ಮಾಡಬೇಕು? ಇದಕ್ಕೆ ಬಾಂಗ್ಲಾದೇಶದ ಹಳ್ಳಿಗಳು ದಾರಿ ತೋರಿಸಿವೆ. ಅಲ್ಲಿಯೂ ಮನೆಗೊಂದು ಕೊಳ. ಅವರು ಈಜುಕೊಳ ಕಟ್ಟಲು ಹೋಗಲಿಲ್ಲ. ಊರ ಕೊಳದೊಳಗೇ ಬಿದಿರಿನ ಅಟ್ಟಳಿಗೆ ಕಟ್ಟಿ, ಮಕ್ಕಳು ನಿಲ್ಲುವಷ್ಟು ಆಳ ಮಾಡಿಕೊಂಡು, ಊರಿನ ಯುವಕ ಯುವತಿಯರನ್ನೇ ತರಬೇತಿ ಕೊಟ್ಟು ಮಾಸ್ತರರನ್ನಾಗಿ ಮಾಡಿದರು. ಹಾಗೆ ಕಲಿತ ಮಕ್ಕಳಲ್ಲಿ ಮುಳುಗಿ ಸಾಯುವುದು ಬಹಳ ಕಡಿಮೆಯಾಗಿದೆ.

ಬಿದಿರು ನಮ್ಮಲ್ಲಿಲ್ಲವೇ?

2022ರ ಏಪ್ರಿಲಿನಲ್ಲಿ ನಾವು ಆರು ಮನೆಯವರು ಸೇರಿ ಸುರು ಮಾಡಿದೆವು. ಪ್ಲಾಸ್ಟಿಕ್ ಕೆರೆ ಬೇಡವೆಂದು ಮೊದಲೇ ತೀರ್ಮಾನ. ನೆರೆಮನೆಯವರ ಮೆಟ್ಟಿಲಿನ ಹಳೆ ಕೆರೆ ಆರಿಸಿದೆವು. ಬೇಸಿಗೆಯಲ್ಲಿ ಒಂದು ಬದಿಯಲ್ಲಿ ಸೊಂಟದ ಮಟ್ಟಕ್ಕೆ ನೀರು. ಆಳದ ಬದಿಗೆ ಹೋಗದಂತೆ ಅಡ್ಡಕ್ಕೆ ಬಿದಿರಿನ ತಡೆ. ತೇಲಲು ಬಾಳೆದಂಡು, ಮುಚ್ಚಳ ಬಿಗಿದ 5 ಲೀಟರಿನ ಕ್ಯಾನು, ಸಿಪ್ಪೆ ಎಬ್ಬಿಸಿ ಜೋಡಿ ಕಟ್ಟಿದ ಒಣ ತೆಂಗಿನಕಾಯಿ. ಖರ್ಚು ಅಂತ ಆದದ್ದು ಹಗ್ಗಕ್ಕೆ ಮಾತ್ರ.

ಮಾಸ್ತರರು ಯಾರು? ಅಂದು ದೋಟಿ ಚಾಚಿದವರೇ. ಕುಮಾರಧಾರೆಯ ಬದಿಯಲ್ಲಿ ಬೆಳೆದ ಜನ. ನೀರಿನಲ್ಲಿ ಮೀನಿನ ಹಾಗೆ. ಅಲ್ಲಿಯವರೆಗೆ ನಮ್ಮ ಮಕ್ಕಳು ಅವರನ್ನು ಹೆಸರು ಹಿಡಿದು, ಏಕವಚನದಲ್ಲೇ ಕರೆಯುತ್ತಿದ್ದರು. ಕ್ಲಾಸು ಸುರುವಾದ ಮೂರನೇ ದಿನಕ್ಕೆ "ಮಾಷ್ಟ್ರೇ" ಆಯಿತು. ಈಗ ತೋಟದಲ್ಲಿ ಸಿಕ್ಕಿದರೂ ಮಾಷ್ಟ್ರೇ. ನಾವು ದೊಡ್ಡವರೂ ನಮ್ಮ ನಾಲಗೆ ತಿದ್ದಿಕೊಂಡೆವು.

ಬೆಳಗ್ಗೆ 7ರಿಂದ 8, ಒಟ್ಟು 20 ದಿನ. ಒಂದು ಸಲಕ್ಕೆ ಎಂಟೇ ಮಕ್ಕಳು. ದಡದಲ್ಲಿ ಒಬ್ಬರು ದೊಡ್ಡವರು ದೋಟಿ, ಹಗ್ಗ ಹಿಡಿದು ನಿಲ್ಲಲೇಬೇಕು. ಅವರು ಮೊಬೈಲು ಮನೆಯಲ್ಲಿಟ್ಟು ಬರಬೇಕು. ಈ ನಿಯಮಕ್ಕೆ ವಿನಾಯಿತಿ ಇಲ್ಲ.

ಫೀಸು ಮಗುವಿಗೆ 500 ರೂಪಾಯಿ. ಉಚಿತ ಮಾಡಿ ಎಂದವರಿದ್ದರು. ನಾನು ಒಪ್ಪಲಿಲ್ಲ. ಪೇಟೆಯಲ್ಲಿ ಸಾವಿರಗಟ್ಟಲೆ ಎಣಿಸುವ ನಾವು ಊರಿನವರು ಕಲಿಸುವಾಗ ಮಾತ್ರ ಸೇವೆ ಎನ್ನುವುದು ಯಾವ ನ್ಯಾಯ? ಒಂದು ಗಂಟೆ ನೀರಲ್ಲಿ ನಿಂತವರಿಗೆ ಅದರ ಸಂಬಳ ಸಿಗಬೇಕು. ಕೆಲಸಕ್ಕೆ ಬರುವವರ ಮಕ್ಕಳ ಫೀಸನ್ನು ಆಯಾ ತೋಟದವರು ಕಟ್ಟಿದರು.

ಕೈಕಾಲು ಬಡಿಯುವುದಷ್ಟೇ ಪಾಠ ಅಲ್ಲ. ಮುಳುಗುತ್ತಿರುವವನನ್ನು ಕಂಡರೆ ಹಾರಬೇಡ, ಕೂಗು, ಕೋಲು ಚಾಚು, ಖಾಲಿ ಕ್ಯಾನು ಎಸೆ. ಇದು ಮೊದಲ ದಿನದ ಪಾಠ. ಒಬ್ಬನನ್ನು ಉಳಿಸಲು ಹಾರಿ ಇಬ್ಬರು, ಮೂವರು ಹೋದ ಸುದ್ದಿ ಪೇಪರಿನಲ್ಲಿ ಎಷ್ಟು ಓದಿಲ್ಲ! ಒಂದು ದಿನ ಪರಿಚಯದ ನರ್ಸೊಬ್ಬರು ಬಂದು ಉಸಿರು ನಿಂತವರಿಗೆ ಬಾಯಿಯಿಂದ ಉಸಿರು ಕೊಡುವುದು, ಎದೆ ಒತ್ತುವುದು ತೋರಿಸಿದರು. ನೀರು ಕುಡಿದವರ ಹೊಟ್ಟೆ ಒತ್ತುವುದು, ಕಾಲು ಹಿಡಿದು ತಲೆಕೆಳಗೆ ಮಾಡುವುದು ನಮ್ಮಲ್ಲಿ ರೂಢಿ. ಅದು ತಪ್ಪು, ಅಮೂಲ್ಯ ನಿಮಿಷ ಹಾಳು ಎಂದು ನನಗೆ ಗೊತ್ತಾದದ್ದು 54ನೇ ವರ್ಷದಲ್ಲಿ!

ಎರಡನೇ ವಾರ ದಡದಲ್ಲಿ ಕುಳಿತಿದ್ದ ತಾಯಂದಿರಲ್ಲಿ ಒಬ್ಬರು, "ಕ್ಲಾಸು ಮಕ್ಕಳಿಗೆ ಮಾತ್ರವಾ? ನಮಗೆ ಇಲ್ಲವಾ?" ಅಂದರು. ಘಟ್ಟದ ಮೇಲಿನಿಂದ ಮದುವೆಯಾಗಿ ಬಂದವರು. ದಿನಾ ಪಂಪಿನ ಫುಟ್‌ವಾಲ್ವ್ ನೋಡಲು ಕೆರೆಗೆ ಇಳಿಯುವವರು ಅವರೇ. ಕೇಳಿದ್ದು ನ್ಯಾಯವಾದ ಪ್ರಶ್ನೆ. ಸಂಜೆ 4ಕ್ಕೆ ಹೆಂಗಸರದ್ದೇ ಬೇರೆ ಕ್ಲಾಸಾಯಿತು. ಚಿಕ್ಕಂದಿನಲ್ಲಿ ಈಜು ಕಲಿತಿದ್ದ ನಮ್ಮ ನೆರೆಮನೆಯ ಅಕ್ಕ ಹೇಳಿಕೊಟ್ಟರು. ಮೊದಲ ವರ್ಷ ನಾಲ್ವರು, ಮರುವರ್ಷ ಒಂಬತ್ತು. ಗಂಡಸರು ಮಾತ್ರ "ನಮಗೆ ಇನ್ನೆಂಥ ಕ್ಲಾಸು" ಅಂತ ಮೀಸೆ ತಿರುವಿದರು. ನನ್ನ ತಮ್ಮನಂತೂ ಇವತ್ತಿಗೂ ಕಲಿತಿಲ್ಲ, ಮಗ ಕಲಿತ.

ಕಷ್ಟಗಳು ಇಲ್ಲವೆಂದಲ್ಲ. "ಏನಾದರೂ ಆದರೆ ಯಾರು ಜವಾಬ್ದಾರಿ?" ಎಂಬ ಪ್ರಶ್ನೆ ಮೊದಲು ಬರ್ತದೆ. ಹೆತ್ತವರ ಒಪ್ಪಿಗೆ ಬರಹದಲ್ಲಿ ಪಡೆಯಿರಿ. ಫಿಟ್ಸ್, ಕಿವಿ ಸೋರುವ ತೊಂದರೆ ಇದ್ದರೆ ಡಾಕ್ಟರರನ್ನು ಕೇಳದೆ ಇಳಿಸಬೇಡಿ. ಇನ್ನೊಂದು ಪ್ರಶ್ನೆ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ: ನಮ್ಮ ಕೆರೆಗೆ ಯಾರೆಲ್ಲ ಇಳಿಯಬಹುದು? ನಮ್ಮಲ್ಲೂ ಒಂದು ಮನೆಯವರು ಈ ಕಾರಣಕ್ಕೇ ಹಿಂದೆ ಸರಿದರು. ಉಳಿದವರು ಮುಂದುವರಿಸಿದೆವು. ಮಗು ಮುಳುಗುವಾಗ ಕೋಲು ಚಾಚಿದವರ ಜಾತಿ ನಾನು ಕೇಳಿರಲಿಲ್ಲ. ಕಲಿಸುವಾಗ ಕೇಳುವುದು ಹೇಗೆ?

ಈಜು ಒಂದು ಉದಾಹರಣೆ ಮಾತ್ರ. ಪೇಟೆಯ ಕ್ಲಾಸು ಶಾಲೆಯ ರಜೆ ನೋಡಿ ನಡೆಯುತ್ತದೆ. ಊರಿನ ಕ್ಲಾಸು ತೋಟದ ಕೆಲಸ ನೋಡಿ ನಡೆಯಬೇಕು. ಪತ್ತನಾಜೆ ಕಳೆದು ಮೇಳದವರು ಗೆಜ್ಜೆ ಬಿಚ್ಚಿದ ಮೇಲೆ ಯಕ್ಷಗಾನ ಕಲಾವಿದರು ಮನೆಯಲ್ಲಿರುತ್ತಾರೆ. ಮಳೆಗಾಲದ ಸಂಜೆ ಚೆಂಡೆ, ಮದ್ದಳೆ, ಹೆಜ್ಜೆ ಕಲಿಯಲು ಅದೇ ಸಮಯ. ಕಸಿ ಕಟ್ಟುವುದಕ್ಕೂ ಮಳೆಗಾಲವೇ ಆಗಬೇಕು. ಆಟಿ ತಿಂಗಳಲ್ಲಿ ಎಂಟು ದಿನ ಕುಳಿತರೆ ದೊಡ್ಡವರು, ಹೈಸ್ಕೂಲಿನ ಮಕ್ಕಳು ಒಟ್ಟಿಗೇ ಹಲಸಿಗೆ, ಕಾಳುಮೆಣಸಿಗೆ ಕಸಿ ಕಟ್ಟಲು ಕಲಿಯಬಹುದು. ಕಲಿಸುವವರು ಹತ್ತಿರದ ಊರಲ್ಲೇ ಸಿಗ್ತಾರೆ. ನಾವು ಹುಡುಕಿಲ್ಲ ಅಷ್ಟೇ.

ಹಳ್ಳಿಯಲ್ಲಿ ಇದೆಲ್ಲ ನಡೆಯುತ್ತದಾ ಎನ್ನುವವರು ಸಾಗರದ ಹತ್ತಿರದ ಹೆಗ್ಗೋಡನ್ನು ನೆನೆಯಲಿ. 1949ರಲ್ಲಿ ಅಲ್ಲಿನ ಅಡಿಕೆ ಬೆಳೆಗಾರರು ಸೇರಿ ನೀನಾಸಂ ಕಟ್ಟಿದರು. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣ ಸ್ವತಃ ಅಡಿಕೆ ತೋಟದವರು. 1980ರಲ್ಲಿ ಅಲ್ಲಿ ನಾಟಕದ ಶಾಲೆಯೇ ಆಯಿತು. 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಮಗೆ ಪ್ರಶಸ್ತಿ ಬೇಡ. ಊರಿಗೆ ವರ್ಷಕ್ಕೆ ಎರಡು ಕ್ಲಾಸು ಸಾಕು: ಬೇಸಿಗೆಯಲ್ಲಿ ಒಂದು, ಮಳೆಗಾಲದಲ್ಲಿ ಒಂದು.

ಈ ಏಪ್ರಿಲಿಗೆ ಮೊದಲು ಮೂರು ಕೆಲಸ ಮಾಡಿ. ನಿಮ್ಮ ಕೆರೆಗೆ ಬೇಲಿ ಹಾಕಿಸಿ. ಪ್ಲಾಸ್ಟಿಕ್ ಕೆರೆಯಾದರೆ ನಾಲ್ಕು ಬದಿಗೂ ಅಡಿಗೊಂದು ಗಂಟು ಹಾಕಿದ ದಪ್ಪ ಹಗ್ಗವನ್ನು ಗೂಟಕ್ಕೆ ಕಟ್ಟಿ ನೀರಿನವರೆಗೆ ಇಳಿಬಿಡಿ. ಮತ್ತೆ, ನಿಮ್ಮೂರಿನಲ್ಲಿ ಚೆನ್ನಾಗಿ ಈಜುವವರು ಯಾರೆಂದು ವಿಚಾರಿಸಿ, ಅವರ ಮನೆಗೆ ಹೋಗಿ ಗೌರವದಿಂದ ಕೇಳಿ. ಅವರು ಬಹುಶಃ ನಿಮ್ಮ ತೋಟದಲ್ಲೇ ಕೆಲಸ ಮಾಡುತ್ತಿರಬಹುದು.